ತಂತಿ ಎಲ್ಲಿ ಮೌನವಾಯಿತು?

‘ಇಂಟರ್ನೆಟ್ ಹೋಯಿತು!’ ಎಂಬ ಕೂಗು ಇಂದಿನ ಮಧ್ಯಮವರ್ಗದ ಮನೆಗಳಲ್ಲಿ ‘ನಲ್ಲಿಯಲ್ಲಿ ನೀರಿಲ್ಲ’ ಎಂಬ ಕೂಗಿಗಿಂತ ಹೆಚ್ಚಿನ ಗಾಬರಿಯನ್ನುಂಟುಮಾಡುತ್ತದೆ. ನೀರು ಬಾರದಿದ್ದರೆ ಬಾವಿಯುಂಟು, ನೆರೆಮನೆಯುಂಟು. ಇಂಟರ್ನೆಟ್ ಬಾರದಿದ್ದರೆ ಏನು ಮಾಡಬೇಕೆಂಬುದು ಹಿರಿಯರಿಗೂ ತಿಳಿಯದು, ಕಿರಿಯರಿಗೂ ತಿಳಿಯದು. ಎಲ್ಲರೂ ಕೂಡಿ ಕಂಪೆನಿಯವರನ್ನು ಬೈಯುವುದು, ಆ ಬಳಿಕ ಮೋಡೆಮಿನ ಸ್ವಿಚ್ಚನ್ನು ನಾಲ್ಕು ಸಲ ಆರಿಸಿ ಹಚ್ಚುವುದು, ಇಷ್ಟರಲ್ಲಿ ನಮ್ಮ ವಿದ್ಯೆ ಮುಗಿಯುತ್ತದೆ.

ಕಳೆದ ಅಕ್ಟೋಬರ್ ತಿಂಗಳ ಒಂದು ಸಂಜೆಯವರೆಗೆ ನನ್ನ ವಿದ್ಯೆಯೂ ಇದಕ್ಕಿಂತ ಮುಂದೆ ಹೋಗಿರಲಿಲ್ಲ.

ಮಣಿಪಾಲದಲ್ಲಿ, ಮಣ್ಣಪಳ್ಳದ ಕೆರೆಯಿಂದ ಬಹು ದೂರವಲ್ಲದ ಒಂದು ಇಳಿಜಾರಿನಲ್ಲಿ ನಮ್ಮ ಮನೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮೇಲೊಂದು ಉಪ್ಪರಿಗೆ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಇಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಂದಿನಿಂದ ಈ ಊರಿನಲ್ಲಿ ಓಣಿಗೊಬ್ಬರು ವೈದ್ಯರಿರುವುದು ಸೋಜಿಗದ ಸಂಗತಿಯಲ್ಲ. ನಮ್ಮ ಸೊಸೆಯೂ ವೈದ್ಯೆ. ಕ್ಷ-ಕಿರಣ, ಸಿ.ಟಿ. ಮೊದಲಾದ ಚಿತ್ರಗಳನ್ನು ನೋಡಿ ರೋಗವನ್ನು ಗುರುತಿಸುವ ಶಾಖೆಯವಳು. ವಾರದಲ್ಲಿ ಮೂರು ರಾತ್ರಿ ದೂರದ ಊರುಗಳ ಆಸ್ಪತ್ರೆಗಳಿಂದ ಬರುವ ಚಿತ್ರಗಳನ್ನು ಉಪ್ಪರಿಗೆಯ ಕೋಣೆಯಲ್ಲಿ ಕುಳಿತು ನೋಡಿ ವರದಿ ಬರೆಯುತ್ತಾಳೆ. ಪಾರ್ಶ್ವವಾಯು ಬಡಿದ ಮನುಷ್ಯನನ್ನು ಎಲ್ಲೋ ಒಂದೂರಿನಲ್ಲಿ ಮಂಚದ ಮೇಲೆ ಮಲಗಿಸಿರುತ್ತಾರೆ. ಅವನ ಮಿದುಳಿನ ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದನ್ನು ಚಿತ್ರ ನೋಡಿ ಹೇಳುವವರೆಗೆ ಅಲ್ಲಿನ ವೈದ್ಯರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಕಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಒಡೆದ ನಾಳಕ್ಕೆ ಕೊಟ್ಟರೆ ಪ್ರಾಣಾಪಾಯ. ಕೊಡಬೇಕಾದವರಿಗಾದರೋ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು.

ಆ ಚಿತ್ರಗಳ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಸಿ.ಟಿ.ಯ ಒಂದು ಪದರವೆಂದರೆ ಅಡ್ಡ 512, ಉದ್ದ 512 ಚುಕ್ಕಿಗಳು. ಚುಕ್ಕಿಯೊಂದಕ್ಕೆ ಎರಡು ಬೈಟ್. ಅಲ್ಲಿಗೆ ಪದರಕ್ಕೆ ಅರ್ಧ ಮೆಗಾಬೈಟು. ಒಬ್ಬ ರೋಗಿಯ 400 ಪದರಗಳೆಂದರೆ ಸುಮಾರು 210 ಮೆಗಾಬೈಟು. ಸೆಕೆಂಡಿಗೆ 100 ಮೆಗಾಬಿಟ್ ಹರಿಯುವ ದಾರಿಯಲ್ಲಿ ಇದು ಹದಿನೇಳು ಸೆಕೆಂಡುಗಳಲ್ಲಿ ಬಂದಿಳಿಯುತ್ತದೆ. ಹತ್ತೇ ಮೆಗಾಬಿಟ್ ಹರಿಯುವ ಬಡ ದಾರಿಯಾದರೆ ಮೂರು ನಿಮಿಷಕ್ಕೆ ಹತ್ತಿರ. ನಮ್ಮ ಉಪ್ಪರಿಗೆಗೆ ಬರುವ ವೈಫೈ ಎರಡನೆಯ ಜಾತಿಯದು. ಒಂದಡಿ ದಪ್ಪದ ಮುರಕಲ್ಲಿನ ಗೋಡೆಗಳೆರಡನ್ನು ದಾಟಿ ಬರಬೇಕು. ಅದೂ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಕಲ್ಲು. ಸುತ್ತಮುತ್ತ ವಿದ್ಯಾರ್ಥಿಗಳ ವಸತಿಗಳಿರುವುದರಿಂದ ಆಕಾಶದಲ್ಲೂ ನೂಕುನುಗ್ಗಲು. ಹಳೆಯ ವೈಫೈ ಪಟ್ಟಿಯಲ್ಲಿ ಒಂದನ್ನೊಂದು ತಾಗದಂತೆ ನಡೆಯಬಲ್ಲ ದಾರಿಗಳು ಮೂರೇ ಮೂರು. ಆದುದರಿಂದಲೇ ಚಾವಡಿಯಲ್ಲಿರುವ ಮೋಡೆಮಿನಿಂದ ಉಪ್ಪರಿಗೆಯವರೆಗೆ ಒಂದು ಈಥರ್ನೆಟ್ ತಂತಿಯನ್ನು ಎಳೆಸಿದ್ದೆವು. ನಾಲ್ಕು ವರ್ಷ ಅದು ಯಾರ ಗಮನಕ್ಕೂ ಬಾರದೆ ದುಡಿಯಿತು.

ಏಳು ಗಂಟೆ ಹತ್ತು ನಿಮಿಷ

ಅಂದು ಸಂಜೆ ಗುಡುಗು ಮಳೆಯಾಗಿ ನಿಂತಿತ್ತು. ಸೊಸೆ ಮೆಟ್ಟಿಲಿಳಿದು ಬಂದು, “ಮಾವ, ಮೇಲೆ ನೆಟ್ ಬರ್ತಾ ಇಲ್ಲ. ಎಂಟು ಗಂಟೆಗೆ ನನ್ನ ಡ್ಯೂಟಿ ಶುರು,” ಎಂದಳು. “ಗಾಬರಿ ಮಾಡ್ಬೇಡ ಮಗಾ, ನಾನು ಕಂಪೆನಿಯವರಿಗೆ ಹೇಳ್ತೇನೆ,” ಎಂದು ಧೈರ್ಯ ಹೇಳಿ ದೂರವಾಣಿಯನ್ನು ಕಿವಿಗೆ ಹಿಡಿದೆ. ಅತ್ತ ಕಡೆಯಿಂದ ಕೊಳಲಿನ ಸಂಗೀತ. ಇಪ್ಪತ್ತು ನಿಮಿಷ ಕೊಳಲು ಕೇಳಿದೆ. ಸಂಗೀತ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ನಮ್ಮ ಹಿತ್ತಲ ಬಿಡಾರದಲ್ಲಿ ಬಾಡಿಗೆಗಿರುವ ಹುಡುಗ ಹಾಲಿಗೆಂದು ಬಂದ. ಗದಗದ ಕಡೆಯವನು, ಇಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ನನ್ನ ಮುಖವನ್ನು ನೋಡಿ ಸಂಗತಿಯನ್ನು ಕೇಳಿ ತಿಳಿದುಕೊಂಡು, “ಫೋನ್ ಇಡ್ರಿ ಸರ. ಮನಿಯೊಳಗ ಎಲ್ಲಾ ಕಡೆ ಹೋಗೇತೋ, ಮ್ಯಾಲಷ್ಟೇ ಹೋಗೇತೋ?” ಎಂದು ಕೇಳಿದ.

ಈ ಸರಳವಾದ ಪ್ರಶ್ನೆ ನನಗೆ ಹೊಳೆದಿರಲಿಲ್ಲ! ನಾನು ಕೂಡಲೇ ನನ್ನ ಮೊಬೈಲನ್ನು ತೋರಿಸಿ, ಕೆಳಗೆ ಇಂಟರ್ನೆಟ್ ಬರುತ್ತಿದೆ ಎಂದೆ. ಅವನು ನಕ್ಕು, “ಮೊಬೈಲ್ ಡಾಟಾ ಬಂದ್ ಮಾಡ್ರಿ, ಆಮ್ಯಾಲ ಹೇಳ್ರಿ,” ಎಂದ. ಮನೆಯ ವೈಫೈ ಸತ್ತಿದ್ದರೂ ಫೋನು ಸದ್ದಿಲ್ಲದೆ ತನ್ನ ಗೋಪುರದ ದಾರಿಯನ್ನು ಹಿಡಿದು ನಮ್ಮನ್ನು ಮೋಸಗೊಳಿಸುತ್ತದೆಯಂತೆ. ಅದನ್ನು ನಿಲ್ಲಿಸಿ ನೋಡಿದರೂ ವೈಫೈ ಬರುತ್ತಿತ್ತು. ಮೋಡೆಮಿನ ಮುಖದಲ್ಲಿ ‘ಎಲ್.ಓ.ಎಸ್.’ ಎಂಬ ಹೆಸರಿನ ಕೆಂಪು ದೀಪವೂ ಹೊತ್ತಿರಲಿಲ್ಲ. ಅದು ಹೊತ್ತಿದ್ದರೆ ಬೀದಿಯಿಂದ ಬರುವ ಗಾಜಿನೆಳೆಯಲ್ಲಿ ಬೆಳಕು ನಿಂತಿದೆಯೆಂದರ್ಥ. ಎಂದಮೇಲೆ ಕಂಪೆನಿಯವರು ತಮ್ಮ ಕೆಲಸವನ್ನು ಮಾಡಿದ್ದರು. ದೋಷವಿದ್ದುದು ಚಾವಡಿಗೂ ಉಪ್ಪರಿಗೆಗೂ ನಡುವೆ, ನಮ್ಮದೇ ಮಾಡಿನ ಕೆಳಗೆ. ಕೊಳಲಿನವರನ್ನು ನಾನು ಅನ್ಯಾಯವಾಗಿ ಬೈದಿದ್ದೆ.

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಬ್ಯಾಂಕುಗಳ ತವರೆನಿಸಿದ ಈ ಸೀಮೆಯಲ್ಲಿ ಅದೇನೂ ವಿಶೇಷವಲ್ಲ. ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಹೊಸಬನು ಮೊದಲ ಪುಟದಿಂದ ಎಲ್ಲವನ್ನೂ ಮತ್ತೆ ಕೂಡುತ್ತ ಕೂರುತ್ತಾನೆ. ಹಳಬನು ನಡುವಿನ ಒಂದು ಪುಟವನ್ನು ತೆರೆದು ಅಲ್ಲಿಯವರೆಗೆ ಸರಿಯಿದೆಯೇ ಎಂದು ನೋಡುತ್ತಾನೆ. ಸರಿಯಿದ್ದರೆ ತಪ್ಪು ಆಚೆಯ ಅರ್ಧದಲ್ಲಿ. ಇಲ್ಲದಿದ್ದರೆ ಈಚೆಯ ಅರ್ಧದಲ್ಲಿ. ವ್ಯತ್ಯಾಸವು ಒಂಬತ್ತರಿಂದ ಭಾಗವಾಗುತ್ತಿದ್ದರೆ, ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿವೆಯೆಂದು ಅನುಮಾನಿಸುತ್ತಾನೆ. ಈ ಹುಡುಗ ಮಾಡಹೊರಟಿದ್ದುದು ಅದೇ ಕೆಲಸವೆಂದು ತಿಳಿದ ಮೇಲೆ ನನ್ನ ಭಯ ಅರ್ಧ ಇಳಿಯಿತು.

ದೀಪ ಹೇಳುವ ಮಾತು

ಈಥರ್ನೆಟ್ ತಂತಿಯನ್ನು ಚುಚ್ಚುವ ತೂತಿನ ಮಗ್ಗುಲಲ್ಲಿ ಸಾಸಿವೆಕಾಳಿನಷ್ಟು ಚಿಕ್ಕ ದೀಪಗಳಿರುತ್ತವೆ. ಕೆಲವು ಯಂತ್ರಗಳಲ್ಲಿ ಅವು ಮುಂಭಾಗದಲ್ಲಿರುವುದುಂಟು. ತಂತಿಯ ಎರಡು ತುದಿಗಳಲ್ಲಿರುವ ಯಂತ್ರಗಳು ಮಾತುಕತೆಗೆ ಮೊದಲು, ಗದ್ದೆಯ ಆಚೆ ದಡದವನಿಗೆ ಕೂ ಹಾಕಿದಂತೆ, ಸೆಕೆಂಡಿಗೆ ಸುಮಾರು ಅರುವತ್ತು ಸಲ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತಿರುತ್ತವೆ. ಆಚೆಯ ಕೂಗು ಈಚೆಗೆ ಕೇಳಿಸಿ, ಈಚೆಯದು ಆಚೆಗೆ ಕೇಳಿಸಿದರೆ ದೀಪ ಹೊತ್ತುತ್ತದೆ. ಇಂಟರ್ನೆಟ್ ಇದೆಯೋ ಇಲ್ಲವೋ ಎಂಬ ಗೊಡವೆ ಈ ದೀಪಕ್ಕಿಲ್ಲ. ಅದು ಹೇಳುವುದು ಇಷ್ಟೇ: ತಾಮ್ರವು ಈ ತುದಿಯಿಂದ ಆ ತುದಿಯವರೆಗೆ ಕಡಿಯದೆ ಇದೆ, ಆಚೆ ಕಡೆ ಎಚ್ಚರವಿದ್ದ ಒಂದು ಯಂತ್ರವಿದೆ.

ನಮ್ಮ ಮನೆಯಲ್ಲಿ ಎರಡೂ ತುದಿಗಳಲ್ಲಿ ದೀಪವಿರಲಿಲ್ಲ.

ಹುಡುಗ ಮೊದಲು ತುದಿಗಳನ್ನು ಕಳಚಿ ಮತ್ತೆ ಚುಚ್ಚಿದ. ಪ್ಲಾಸ್ಟಿಕ್ಕಿನ ಪುಟ್ಟ ಕೊಕ್ಕೆ ‘ಟಕ್’ ಎಂದು ಕೂರಬೇಕು. ಕೊಕ್ಕೆ ಮುರಿದ ತುದಿ ತೂತಿನಲ್ಲಿ ಕುಳಿತಂತೆ ಕಂಡರೂ ಕೂದಲೆಳೆಯಷ್ಟು ಹಿಂದೆ ಸರಿದಿರುತ್ತದೆ. ನಮ್ಮ ಕೊಕ್ಕೆಗಳು ಗಟ್ಟಿಯಾಗಿದ್ದವು, ದೀಪ ಹೊತ್ತಲಿಲ್ಲ. ಮೋಡೆಮಿನ ಬೇರೆ ತೂತಿಗೆ ಹಾಕಿದ, ಆಗಲೂ ಇಲ್ಲ. ಆಮೇಲೆ ತನ್ನ ಕೋಣೆಯಿಂದ ಒಂದು ಮೊಳದ ತುಂಡು ತಂತಿಯನ್ನು ತಂದು, ಸೊಸೆಯ ಗಣಕಯಂತ್ರವನ್ನೇ ಚಾವಡಿಗೆ ಇಳಿಸಿ, ಮೋಡೆಮಿಗೆ ನೇರವಾಗಿ ಜೋಡಿಸಿದ. ಹಸುರು ದೀಪ ಹೊತ್ತಿತು. ಮೋಡೆಮು ಸರಿ, ಗಣಕಯಂತ್ರ ಸರಿ. ಕೆಟ್ಟಿರುವುದು ನಡುವಿನ ಉದ್ದ ತಂತಿ. ಇದಿಷ್ಟನ್ನು ತಿಳಿಯಲು ಏಳು ನಿಮಿಷ ಹಿಡಿಯಿತು.

ಸೊಸೆ ಚಾವಡಿಯ ಊಟದ ಮೇಜಿನ ಮೇಲೆಯೇ ತನ್ನ ಪರದೆಗಳನ್ನು ಇರಿಸಿಕೊಂಡಳು. ನನ್ನಾಕೆ ದೂರದರ್ಶನವನ್ನು ಆರಿಸಿದಳು. ಅಂದಿನ ಧಾರಾವಾಹಿ ಹೋಯಿತೆಂದು ಒಂದು ಮಾತನ್ನೂ ಆಡಲಿಲ್ಲ. ಎಂಟೂಕಾಲರ ಹೊತ್ತಿಗೆ ಮೊದಲ ಚಿತ್ರಗಳು ಬಂದವು. ಒಂದು ತಲೆಯ ಚಿತ್ರವೆಂದು ದೂರದಿಂದ ನನಗೂ ತಿಳಿಯಿತು. ಯಾರದು, ಎಲ್ಲಿಯದು ಎಂದು ನಾವು ಕೇಳುವುದಿಲ್ಲ, ಅವಳು ಹೇಳುವುದೂ ಇಲ್ಲ. ಚಾವಡಿಯ ದೀಪವನ್ನು ಆರಿಸಲು ಹೇಳಿ, ಕತ್ತಲಲ್ಲಿ ಪರದೆಯನ್ನೇ ದಿಟ್ಟಿಸುತ್ತ ಹತ್ತು ನಿಮಿಷ ಕುಳಿತಿದ್ದು, ಆಮೇಲೆ ಫೋನೆತ್ತಿ ಇಂಗ್ಲಿಷಿನಲ್ಲಿ ನಾಲ್ಕು ಮಾತುಗಳನ್ನಾಡಿದಳು.

ಎಂಟು ಎಳೆಗಳ ಸಂಸಾರ

ಮರುದಿನ ಬೆಳಗ್ಗೆ ಉದ್ದ ತಂತಿಯ ಪರೀಕ್ಷೆಗೆ ತೊಡಗಿದೆವು. ಅದಕ್ಕೆ ಮೊದಲು ಈ ತಂತಿಯ ಕುಲಗೋತ್ರವನ್ನು ಸ್ವಲ್ಪ ಹೇಳುವುದು ಮೇಲು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜೆರಾಕ್ಸ್ ಕಂಪೆನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್ಕಾಫ್ ಎಂಬಾತ 1973ರ ಮೇ 22ರಂದು ಬರೆದ ಒಂದು ಟಿಪ್ಪಣಿಯಲ್ಲಿ ‘ಈಥರ್’ ಎಂಬ ಹೆಸರು ಕಾಣಿಸಿಕೊಂಡಿತು. ಬೆಳಕಿನ ಅಲೆಗಳನ್ನು ಹೊರುವ ಈಥರ್ ಎಂಬ ಅದೃಶ್ಯ ದ್ರವ್ಯ ವಿಶ್ವವನ್ನೆಲ್ಲ ತುಂಬಿದೆಯೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬವರು ಹುಡುಕಹೊರಟಾಗ ಅದರ ಸುಳಿವೇ ಸಿಕ್ಕಲಿಲ್ಲ. ಆಕಾಶದ ಗುಣ ಶಬ್ದವೆಂದು ಹೇಳಿದ ನಮ್ಮ ತಾರ್ಕಿಕರಿಗೆ ಈ ಹೆಸರು ಅಪರಿಚಿತವೆನಿಸುತ್ತಿರಲಿಲ್ಲವೇನೋ. ಮೆಟ್ಕಾಫ್ ಮತ್ತು ಅವನ ಜತೆಗಾರ ಡೇವಿಡ್ ಬಾಗ್ಸ್ ಸೇರಿ ಕಟ್ಟಿದ ಮೊದಲ ಈಥರ್ನೆಟ್ಟಿನಲ್ಲಿ ಎಲ್ಲ ಯಂತ್ರಗಳೂ ಒಂದೇ ತಂತಿಗೆ ತಗಲಿಕೊಂಡಿದ್ದವು. ಒಬ್ಬನು ಆಡಿದುದು ಎಲ್ಲರಿಗೂ ಕೇಳಿಸುತ್ತಿತ್ತು. ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಅಲ್ಲಿನ ಮರ್ಯಾದೆ ನಮ್ಮ ತಾಳಮದ್ದಳೆಯ ಕೂಟದಂತೆ: ಇನ್ನೊಬ್ಬನು ಮಾತಾಡುವಾಗ ಸುಮ್ಮನಿರತಕ್ಕದ್ದು, ಇಬ್ಬರೂ ಒಮ್ಮೆಲೇ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಒಬ್ಬೊಬ್ಬನು ಒಂದೊಂದು ಹೊತ್ತು ಕಾದು, ಮತ್ತೆ ಆರಂಭಿಸತಕ್ಕದ್ದು. ಹವಾಯಿ ದ್ವೀಪಗಳ ವಿಶ್ವವಿದ್ಯಾನಿಲಯದವರು 1971ರಲ್ಲಿ ನಡೆಸತೊಡಗಿದ ರೇಡಿಯೋ ಜಾಲದಿಂದ ಮೆಟ್ಕಾಫನಿಗೆ ಈ ಉಪಾಯದ ಬೀಜ ದೊರೆತಿತ್ತು. ಇಂದಿನ ಮನೆಗಳಲ್ಲಿ ಪ್ರತಿ ಯಂತ್ರಕ್ಕೂ ಪ್ರತ್ಯೇಕ ತಂತಿ, ಹೋಗಲೂ ಬರಲೂ ಬೇರೆ ಬೇರೆ ಅವಕಾಶ. ಆದುದರಿಂದ ಈ ಜಗಳವೇ ಉಳಿದಿಲ್ಲ. 2022ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಮೆಟ್ಕಾಫನಿಗೆ ಸಂದಿತು. ಬಾಗ್ಸ್ ಅದೇ 2022ರಲ್ಲಿ ತೀರಿಕೊಂಡಿದ್ದ.

ಈಗಿನ ತಂತಿಯೊಳಗೆ ಎಂಟು ಎಳೆಗಳು. ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿಗಳು. ಕಿತ್ತಳೆ, ಹಸುರು, ನೀಲಿ, ಕಂದು ಎಂದು ನಾಲ್ಕು ಬಣ್ಣ. ಪ್ರತಿ ಬಣ್ಣಕ್ಕೂ ಬಿಳಿಪಟ್ಟೆಯ ಸಂಗಾತಿ. ಜೋಡಿಗಳನ್ನು ಹೆಣೆದುದು ಅಂದಕ್ಕಲ್ಲ. ಹೊರಗಿನ ವಿದ್ಯುತ್ತಿನ ಗದ್ದಲ ಎರಡೆಳೆಗಳಿಗೂ ಸಮನಾಗಿ ತಾಗಿ, ತುದಿಯಲ್ಲಿ ಒಂದರಿಂದೊಂದನ್ನು ಕಳೆದಾಗ ಅಳಿಸಿಹೋಗಲೆಂದು. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಹಕ್ಕುಪತ್ರ ಪಡೆದಿದ್ದ. ತುದಿಗೆ ಕನೆಕ್ಟರ್ ಹಾಕುವಾಗ ಈ ಹೆಣಿಗೆಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಕೂಡದು. ನಮ್ಮಲ್ಲಿ ಅವಸರದ ಕೆಲಸಗಾರರು ಎರಡಂಗುಲ ಬಿಚ್ಚಿ ಒತ್ತಿಬಿಡುವುದನ್ನು ನಾನೇ ಕಂಡಿದ್ದೇನೆ.

ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸಲು ನಾಲ್ಕೇ ಎಳೆಗಳು ಸಾಕು. ಒಂದು, ಎರಡು, ಮೂರು, ಆರನೆಯ ಸ್ಥಾನಗಳಲ್ಲಿರುವ ಕಿತ್ತಳೆ ಮತ್ತು ಹಸುರು ಜೋಡಿಗಳು. 1,000 ಸಾಗಬೇಕಾದರೆ ಎಂಟೂ ಬೇಕು. ಎಂದಮೇಲೆ ಕಂದು ಎಳೆಯೊಂದು ತುಂಡಾದರೆ ಮನೆಯ ಇಂಟರ್ನೆಟ್ ಸಾಯುವುದಿಲ್ಲ. ವೇಗ ಮಾತ್ರ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಕೆಲವು ಯಂತ್ರಗಳು ಹಾಗೆ ಇಳಿಯಲೊಪ್ಪದೆ ಹಠ ಹಿಡಿದು, ದೀಪವನ್ನು ಹೊತ್ತಿಸುತ್ತ ಆರಿಸುತ್ತ ನಿಂತುಬಿಡುತ್ತವೆ. ಹೆಚ್ಚಿನ ಹಣ ತೆತ್ತು ದೊಡ್ಡ ವೇಗದ ಯೋಜನೆಯನ್ನು ಕೊಂಡವರು, ಅಳತೆ ಯಾವಾಗಲೂ 95ರ ಆಸುಪಾಸಿನಲ್ಲೇ ನಿಲ್ಲುವುದನ್ನು ಕಂಡರೆ, ಕಂಪೆನಿಗೆ ದೂರು ಕೊಡುವ ಮುನ್ನ ತಮ್ಮ ತಂತಿಯ ನೀಲಿ ಮತ್ತು ಕಂದು ಎಳೆಗಳನ್ನು ಸಂಶಯಿಸಬೇಕು.

ಹುಡುಗ ತನ್ನ ಗೆಳೆಯನಿಂದ ತಂತಿ ಪರೀಕ್ಷಿಸುವ ಪುಟ್ಟ ಪೆಟ್ಟಿಗೆಯನ್ನು ತಂದಿದ್ದ. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ವಸ್ತು. ಎರಡು ಭಾಗಗಳನ್ನು ಎರಡು ತುದಿಗಳಿಗೆ ಜೋಡಿಸಿದರೆ ಒಂದರಿಂದ ಎಂಟರವರೆಗೆ ದೀಪಗಳು ಸರದಿಯಂತೆ ಹೊತ್ತಬೇಕು. ಅವನು ಉಪ್ಪರಿಗೆಯಲ್ಲಿ, ನಾನು ಚಾವಡಿಯಲ್ಲಿ. “ಒಂದು!” ಎಂದು ಅವನು ಕೂಗಿದರೆ ನಾನು “ಬಂತು!” ಎನ್ನುತ್ತಿದ್ದೆ. ಮೂರು ಬರಲಿಲ್ಲ. ಏಳೂ ಬರಲಿಲ್ಲ.

ನೀರು ಬಂದ ದಾರಿ

ಉಪ್ಪರಿಗೆಯ ಗೋಡೆಯಲ್ಲಿ ತಂತಿ ಬಂದು ಕೂಡುವ ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚಿದಾಗ ಕಥೆಯ ಅರ್ಧ ತಿಳಿಯಿತು. ಒಳಗೆ ಪಾಚಿಯ ಬಣ್ಣ. ಮೂರನೆಯ ಲೋಹದ ಹಲ್ಲು ಹಸುರು ಕಿಲುಬಿನಲ್ಲಿ ಮುಳುಗಿತ್ತು. ಮೂಲೆಯಲ್ಲಿ ಇರುವೆಗಳ ಒಂದು ಚಿಕ್ಕ ಊರೇ ಇತ್ತು, ಕೋಪಿಸಿಕೊಂಡು ಹೊರಟುಹೋದವು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರು. ಆಳಿನ ಎತ್ತರದ ಎರಡು ಪಾಲಿಗಿಂತ ಹೆಚ್ಚು. ಇದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಮುರಕಲ್ಲು ಹೆಸರಿಗೆ ಕಲ್ಲು, ಗುಣದಲ್ಲಿ ಸ್ಪಂಜು. ಮೇಲಾಗಿ ಪಡುಗಡಲು ದೂರವಿಲ್ಲ. ಗಾಳಿಯಲ್ಲಿ ಉಪ್ಪು ಇದ್ದೇ ಇದೆ. ನಮ್ಮ ತಂತಿ ಚಾವಡಿಯಿಂದ ಹೊರಬಂದು, ಹೊರಗೋಡೆಯ ಮೇಲೆ ಹತ್ತಿ, ಉಪ್ಪರಿಗೆಯ ತೂತಿನಿಂದ ಒಳಹೋಗುತ್ತಿತ್ತು. ಆ ತೂತನ್ನು ಕೊರೆದವನು ಅದು ಹೊರಗಿನಿಂದ ಒಳಕ್ಕೆ ಇಳಿಜಾರಾಗುವಂತೆ ಕೊರೆದಿದ್ದ. ಮಳೆಯ ನೀರು ತಂತಿಯನ್ನೇ ಕಾಲುಸಂಕವಾಗಿ ಮಾಡಿಕೊಂಡು ನೇರವಾಗಿ ಪೆಟ್ಟಿಗೆಯೊಳಗೆ ಬಂದಿತ್ತು. ನಾಲ್ಕು ಮಳೆಗಾಲ ತಡೆದದ್ದೇ ಹೆಚ್ಚು.

ಕೆಟ್ಟ ತುದಿಯನ್ನು ಒಂದು ಗೇಣು ಕತ್ತರಿಸಿ ಎಸೆದು ಹೊಸ ಕನೆಕ್ಟರ್ ಒತ್ತಿದೆವು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸುರು, ನೀಲಿ, ಬಿಳಿ-ನೀಲಿ, ಹಸುರು, ಬಿಳಿ-ಕಂದು, ಕಂದು ಎಂಬುದು ರೂಢಿಯಲ್ಲಿರುವ ಕ್ರಮ. ಹಸುರು ಜೋಡಿಯ ನಡುವೆ ನೀಲಿ ಜೋಡಿ ಕೂರುವುದನ್ನು ಗಮನಿಸಬೇಕು. ಹಸುರಿನ ಪಕ್ಕದಲ್ಲಿ ಹಸುರನ್ನೇ ಕೂರಿಸುವವರು ಎಡವುವುದು ಇಲ್ಲಿಯೇ. ಮೂರನೆಯ ದೀಪ ಹೊತ್ತಿತು. ಏಳು ಹೊತ್ತಲಿಲ್ಲ. ಆದರೂ ಯಂತ್ರಗಳ ಹಸುರು ದೀಪ ಬಂದು ಉಪ್ಪರಿಗೆಗೆ 100 ಮೆಗಾಬಿಟ್ಟಿನ ದಾರಿ ತೆರೆಯಿತು. ಹುಡುಗನ ಪರೀಕ್ಷೆ ಹತ್ತಿರವಿದ್ದುದರಿಂದ ಅಂದಿಗೆ ಅಷ್ಟಕ್ಕೇ ನಿಲ್ಲಿಸಿದೆವು.

ಏಳನೆಯ ಎಳೆಯ ರಹಸ್ಯ ಹೊರಬಿದ್ದುದು ಮುಂದಿನ ವಾರ, ತಂತಿಯನ್ನು ಪೂರ್ತಿಯಾಗಿ ಕಳಚಿದಾಗ. ಮೆಟ್ಟಿಲಿನ ತಿರುವಿನಲ್ಲಿ ತಂತಿಯನ್ನು ಗೋಡೆಗೆ ಹಿಡಿಸುವ ಪ್ಲಾಸ್ಟಿಕ್ ಕ್ಲಿಪ್ಪಿನ ಮೊಳೆಗೆ ಯಾರೋ ಅತ್ಯುತ್ಸಾಹದಿಂದ ಸುತ್ತಿಗೆ ಬೀಸಿದ್ದರು. ತಂತಿ ಚಪ್ಪಟೆಯಾಗಿ ಒಳಗಿನ ಬಿಳಿ-ಕಂದು ಎಳೆ ತುಂಡಾಗಿತ್ತು. ಅಂದರೆ ಹಾಕಿದ ದಿನದಿಂದಲೂ ಅದು ಹತ್ತನೆಯ ಒಂದು ವೇಗದಲ್ಲಿ ದುಡಿಯುತ್ತಿದ್ದಿರಬೇಕು, ನಮಗೆ ತಿಳಿದಿರಲೇ ಇಲ್ಲ. ಇನ್ನೊಂದು ಆಶ್ಚರ್ಯವೂ ಕಾದಿತ್ತು. ಎಳೆಯೊಂದನ್ನು ಚಾಕುವಿನಿಂದ ಕೆರೆದು ನೋಡಿದರೆ ತಾಮ್ರದ ಕೆಂಪಿನ ಒಳಗೆ ಬೆಳ್ಳಗೆ ಅಲ್ಯುಮಿನಿಯಂ! ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿ. ಇದು ಬೇಗ ಮುರಿಯುತ್ತದೆ. ತೇವ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ತುದಿಯನ್ನು ಕೆರೆದು ನೋಡಲು ನಾಚಬೇಕಾಗಿಲ್ಲ. ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ?

ಹೊಸ ತಂತಿ ಅಪ್ಪಟ ತಾಮ್ರದ್ದು, ಹೊರಗಿನ ಬಿಸಿಲು ಮಳೆ ತಾಳುವ ಕಪ್ಪು ಹೊದಿಕೆಯದು. ನಮಗೆ ಬೇಕಾದುದು 25 ಮೀಟರು. ನೂರು ಮೀಟರಿನವರೆಗೆ ಚಿಂತೆಯಿಲ್ಲ. ಉಪ್ಪರಿಗೆಯ ತೂತನ್ನು ಈ ಸಲ ಒಳಗಿನಿಂದ ಹೊರಕ್ಕೆ ಇಳಿಜಾರಾಗಿ ಕೊರೆಸಿದೆ. ತಂತಿ ತೂತಿಗಿಂತ ಒಂದು ಗೇಣು ಕೆಳಕ್ಕೆ ಜೋತು, ಮತ್ತೆ ಮೇಲೇರಿ ಒಳಹೋಗುತ್ತದೆ. ನೀರು ಆ ಜೋತ ತುದಿಯಿಂದಲೇ ಅಂಗಳಕ್ಕೆ ತೊಟ್ಟಿಕ್ಕುತ್ತದೆ.

ದೀಪವಿದ್ದೂ ಇಲ್ಲದ ಇಂಟರ್ನೆಟ್

ಎಲ್ಲವೂ ಸರಿಯಾಯಿತೆಂದು ನಿಟ್ಟುಸಿರು ಬಿಟ್ಟ ಎರಡು ವಾರಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಒಂದು ಭಾನುವಾರ ಮಧ್ಯಾಹ್ನ ಇಡೀ ಮನೆಯ ಸಂಪರ್ಕ ನಿಂತಿತು. ದೀಪಗಳೇನೋ ಹೊತ್ತಿದ್ದವು, ಹೊತ್ತಿದ್ದುವಷ್ಟೇ ಅಲ್ಲ, ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಈ ಸಲ ನಾನೇ ಮುಂದಾದೆ.

ದೀಪವಿದ್ದರೆ ಮುಂದೆ ನೋಡಬೇಕಾದುದು ವಿಳಾಸವನ್ನು. ತಂತಿಗೆ ಸೇರಿದ ಪ್ರತಿ ಯಂತ್ರವೂ ಮೊದಲು ಮೋಡೆಮಿನಿಂದ ಒಂದು ಸಂಖ್ಯೆಯನ್ನು ಕೇಳಿ ಪಡೆಯುತ್ತದೆ, ಊಟದ ಪಂಕ್ತಿಯಲ್ಲಿ ಯಜಮಾನನು ಇಂಥ ಎಲೆಗೆ ಕುಳಿತುಕೊಳ್ಳಿ ಎಂದು ತೋರಿಸಿದಂತೆ. ಮನೆಗಳಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಯಜಮಾನನ ಉತ್ತರವೇ ಬಾರದಿದ್ದರೆ ಯಂತ್ರವು ಕಾದು ಬೇಸತ್ತು 169.254 ಎಂದು ಆರಂಭವಾಗುವ ಸಂಖ್ಯೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಗಣಕಯಂತ್ರದ ಜಾಲದ ವಿವರಗಳಲ್ಲಿ ಈ ಸಂಖ್ಯೆ ಕಂಡಿತೆಂದರೆ ಎಲೆಯಿಲ್ಲದೆ ಕುಳಿತ ಅತಿಥಿಯೆಂದು ತಿಳಿಯಬಹುದು. ಅಂದು ಉಪ್ಪರಿಗೆಯಲ್ಲಿ ಕಂಡದ್ದು ಅದೇ.

ಸಂಖ್ಯೆ ಸರಿಯಾಗಿದ್ದೂ ಪುಟಗಳು ತೆರೆಯದಿದ್ದರೆ ‘ಪಿಂಗ್’ ಎಂಬ ಆಜ್ಞೆಯಿಂದ ಹಂತಹಂತವಾಗಿ ಕೂಗಿ ನೋಡಬೇಕು. 1983ರಲ್ಲಿ ಮೈಕ್ ಮೂಸ್ ಎಂಬಾತ ಇದನ್ನು ರಚಿಸಿ, ನೀರಿನಾಳಕ್ಕೆ ಶಬ್ದ ಕಳುಹಿಸಿ ಪ್ರತಿಧ್ವನಿಯನ್ನಾಲಿಸುವ ಯಂತ್ರದ ಸದ್ದಿನಿಂದ ಈ ಹೆಸರಿಟ್ಟ. ಮೀನಿನ ಹಿಂಡನ್ನು ಹುಡುಕುವ ಇಂಥದೇ ಯಂತ್ರ ಮಲ್ಪೆಯ ಬಂದರಿನ ದೋಣಿಗಳವರಿಗೆ ಹೊಸದಲ್ಲ. ಮೊದಲು ಮೋಡೆಮಿನ ಸಂಖ್ಯೆಗೆ ಕೂಗಬೇಕು. ಅದು ಮೋಡೆಮಿನ ಬೆನ್ನಿನ ಚೀಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಪ್ರತಿಧ್ವನಿ ಬಂದರೆ ಹೊರಲೋಕದ ಸಂಖ್ಯೆಯೊಂದಕ್ಕೆ, 8.8.8.8 ಎಂಬುದಕ್ಕೆ, ಕೂಗಬೇಕು. ಅಲ್ಲಿಂದಲೂ ಬಂದು, ಹೆಸರು ಬರೆದಾಗ ಮಾತ್ರ ಪುಟ ತೆರೆಯದಿದ್ದರೆ, ಕೆಟ್ಟಿರುವುದು ತಂತಿಯಲ್ಲ. ಹೆಸರನ್ನು ಸಂಖ್ಯೆಯನ್ನಾಗಿ ಮಾಡಿಕೊಡುವ ವ್ಯವಸ್ಥೆ.

ಅಂದು ನಮಗೆ ಮೋಡೆಮಿನಿಂದಲೇ ಪ್ರತಿಧ್ವನಿಯಿರಲಿಲ್ಲ. ಒಂದೊಂದೇ ತಂತಿಯನ್ನು ಕಳಚುತ್ತ ಬಂದೆ. ಮೋಡೆಮಿನ ಹಿಂದೆ ಒಂದು ತುಂಡು ತಂತಿ, ಅಂದು ಹುಡುಗ ಬಿಟ್ಟುಹೋಗಿದ್ದ ಮೊಳದುದ್ದದ್ದು, ಒಂದು ತೂತಿನಿಂದ ಹೊರಟು ಪಕ್ಕದ ತೂತಿಗೇ ಹೋಗಿತ್ತು! ಒಂದು ಸಲ ಆಡಿದ ಮಾತು ಆ ಉಂಗುರದಲ್ಲಿ ಸುತ್ತುತ್ತ ಸುತ್ತುತ್ತ ಬೆಳೆದು ಉಳಿದವರಿಗೆ ಬಾಯಿ ತೆರೆಯಲು ಎಡೆಯಿಲ್ಲದಂತೆ ಮಾಡಿತ್ತು. ಎಂಟು ವರ್ಷದ ಮೊಮ್ಮಗ ಬಾಗಿಲ ಮರೆಯಲ್ಲಿ ನಿಂತಿದ್ದ. “ಅಜ್ಜ, ಅದು ಸುಮ್ಮನೆ ನೇತಾಡ್ತಾ ಇತ್ತು. ನಾನು ಸರಿ ಮಾಡಿದ್ದು,” ಎಂದ. ತಂತಿಯನ್ನು ತೆಗೆದೊಡನೆ ಇಂಟರ್ನೆಟ್ ಮರಳಿತು. ಅವನಿಗೆ ಬೈಯಲಿಲ್ಲ. ಮೂವತ್ತೈದು ವರ್ಷದ ಲೆಕ್ಕದವನಿಗೆ ಮೊದಲ ಸಂಜೆ ಹೊಳೆದುದೂ ಇದಕ್ಕಿಂತ ಹೆಚ್ಚೇನಲ್ಲವಷ್ಟೆ.

ಗುಡುಗಿನ ಕಾಲ

ಕೊನೆಯದಾಗಿ ಸಿಡಿಲಿನ ವಿಷಯ. ಕರಾವಳಿಯಲ್ಲಿ ಸಿಡಿಲಿನ ಕಾಲ ಎರಡು: ಮುಂಗಾರಿಗೆ ಮುನ್ನಿನ ಏಪ್ರಿಲ್-ಮೇ, ಮತ್ತು ಮಳೆಗಾಲ ಹಿಂದಿರುಗುವ ಅಕ್ಟೋಬರ್-ನವೆಂಬರ್. ತಾಮ್ರದ ದೂರವಾಣಿ ತಂತಿ ಮನೆಗೆ ಬರುತ್ತಿದ್ದ ಕಾಲದಲ್ಲಿ ಸಿಡಿಲು ಆ ತಂತಿಯನ್ನೇ ಹಿಡಿದು ಒಳಬರುತ್ತಿತ್ತು. ಗಾಜಿನೆಳೆ ಬಂದ ಮೇಲೆ ಭಯವಿಲ್ಲವೆಂದು ಹಲವರು ತಿಳಿದಿದ್ದಾರೆ. ಗಾಜು ವಿದ್ಯುತ್ತನ್ನು ಹೊರುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಗಾಜಿನೆಳೆಯ ಹೊದಿಕೆಯಲ್ಲಿ ಬಲಕ್ಕೆಂದು ಉಕ್ಕಿನ ತಂತಿಯಿರುವುದುಂಟು. ಮೋಡೆಮಿಗೆ ಕರೆಂಟು ಬರುವುದು ತಾಮ್ರದಲ್ಲೇ. ಹೊರಗೋಡೆಯ ಮೇಲೆ ಹಬ್ಬಿದ ಈಥರ್ನೆಟ್ ತಂತಿ ಹತ್ತಿರದ ಸಿಡಿಲಿಗೆ ತಾನೇ ಒಂದು ಏರಿಯಲ್ಲಿನಂತೆ ವರ್ತಿಸುತ್ತದೆ. ತೂತುಗಳ ಹಿಂದೆ ಕೂರಿಸಿದ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಸುಮಾರು 1,500 ವೋಲ್ಟುಗಳ ಹೊಡೆತವನ್ನು ತಾಳುತ್ತವೆ; ಅದಕ್ಕೆ ಮೀರಿದರೆ ಸುಡುತ್ತವೆ. ಒಂದು ತೂತು ಸತ್ತು ಪಕ್ಕದ್ದು ಬದುಕುಳಿಯುವ ಸೋಜಿಗ ಹೀಗೆಯೇ ಆಗುವುದು. ಆದುದರಿಂದಲೇ ಅಂದು ಹುಡುಗ ಬೇರೆ ತೂತಿಗೆ ಹಾಕಿ ನೋಡಿದ್ದು.

ಮೊದಲ ಗುಡುಗು ಕೇಳಿಸುವ ಮೊದಲೇ ಮೋಡೆಮಿನ ಪ್ಲಗ್ಗನ್ನೂ ಉಪ್ಪರಿಗೆಗೆ ಹೋಗುವ ತಂತಿಯನ್ನೂ ಕಳಚಬೇಕು. ಸ್ವಿಚ್ ಆರಿಸಿದರೆ ಸಾಲದು. ಗುಡುಗು ನೆತ್ತಿಯ ಮೇಲೆ ಬಂದಾಗ ಕಳಚಲು ಓಡಬಾರದು. ಕಂಬ ಹತ್ತುವುದು, ಬಿದ್ದ ತಂತಿಯನ್ನು ಎತ್ತುವುದು, ಗಾಜಿನೆಳೆಯ ತುದಿಯನ್ನು ಬಿಚ್ಚಿ ಕಣ್ಣಿಟ್ಟು ನೋಡುವುದು ಇವು ಮನೆಯವರ ಕೆಲಸಗಳಲ್ಲ. ಆ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಕೆಡುಕು ಮಾಡಬಲ್ಲದು.

ರಾತ್ರಿಯ ಡ್ಯೂಟಿಯ ನಡುವೆ ಗುಡುಗಿದರೆ ಏನು ಮಾಡುವುದೆಂಬ ಪ್ರಶ್ನೆಗೆ ಸೊಸೆ ಉತ್ತರ ಕಂಡುಕೊಂಡಿದ್ದಾಳೆ. ಬ್ಯಾಟರಿಯ ಮೇಲೆ ಲ್ಯಾಪ್‌ಟಾಪು, ಮೊಬೈಲಿನ ಸಂಪರ್ಕ. ತಡವಾಗಬಹುದೆಂದು ತನ್ನ ಕೂಟದ ಇನ್ನೊಬ್ಬ ವೈದ್ಯರಿಗೆ ಮೊದಲೇ ಒಂದು ಮಾತು. ಮೊಳದುದ್ದದ ತಂತಿ ಈಗ ನನ್ನ ಮೇಜಿನ ಸೆಳೆಖಾನೆಯಲ್ಲಿದೆ, ಮೊಮ್ಮಗನ ಕೈಗೆ ಸಿಗದಷ್ಟು ಮೇಲೆ. ಹಳೆಯ ಅಲ್ಯುಮಿನಿಯಂ ತಂತಿಯನ್ನು ಎಸೆಯಲು ನನ್ನಾಕೆ ಬಿಡಲಿಲ್ಲ. ಹಿತ್ತಲಲ್ಲಿ ಎರಡು ತೆಂಗಿನ ಮರಗಳ ನಡುವೆ ಕಟ್ಟಿಸಿದ್ದಾಳೆ. ಗದಗದ ಹುಡುಗನ ಅಂಗಿಗಳೂ ಅಲ್ಲೇ ಒಣಗುತ್ತವೆ.